ಖಾಲಿ ಬಾಟಲಿ ಕೊಡಬಾರದಂತೆ

ಎದುರು ಮನೆಯವರು ಮೊನ್ನೆ ಗೇಟಿನ ಹತ್ತಿರ ಸಿಕ್ಕಿದರು. "ನಿಮ್ಮ ಜಾಮ್ ಬಾಟ್ಲಿ ನಮ್ಮನೇಲೇ ಇದೆ ಕಣ್ರೀ. ತೊಳೆದು ಇಟ್ಟಿದ್ದೀನಿ. ಖಾಲಿ ಹೆಂಗ್ ಕೊಡೋದು ಹೇಳಿ, ಅವರೆಕಾಯಿ ಬರ್ಲಿ" ಅಂದರು. ಇದಿನ್ನೂ ಆಷಾಢ. ಸೊಗಡಿನ ಅವರೆಕಾಯಿ ಬರಬೇಕಾದರೆ ಡಿಸೆಂಬರ್ ಆಗಬೇಕು. "ಅಯ್ಯೋ, ಪರವಾಗಿಲ್ಲ ಬಿಡಿ" ಅಂದೆ. ಬಾಯಲ್ಲಿ ಅಂದೆ ಅಷ್ಟೇ. ನನಗೆ ಆ ಬಾಟಲಿ ಈಗಲೇ ಬೇಕು.

ಜಾಮ್ ವಿಷಯದಲ್ಲಿ ನಾನು ಒಂದು ದೊಡ್ಡ ಸತ್ಯ ಕಂಡುಕೊಂಡಿದ್ದೇನೆ. ಅದನ್ನು ಹೇಳೋಣ ಅಂತಲೇ ಕೂತಿದ್ದು. ಅದಕ್ಕೆ ಮೊದಲು ದ್ರಾಕ್ಷಿ ಹೇಗೆ ಬರುತ್ತದೆ ಅನ್ನುವುದು ಗೊತ್ತಾಗಬೇಕು.

ನಮ್ಮ ಭಾವನವರಿಗೆ ನಂದಿ ಕಡೆ ತೋಟ ಇದೆ. ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುತ್ತಾರೆ. ರೇಟು ಚೆನ್ನಾಗಿದ್ದಾಗ ಅವರಿಗೆ ನಮ್ಮ ನೆನಪೇ ಆಗುವುದಿಲ್ಲ. ರೇಟು ಬಿದ್ದು, ಮುಂಗಡ ಕೊಟ್ಟ ವ್ಯಾಪಾರಿ ಫೋನ್ ಎತ್ತದೆ ಹೋದಾಗ, ಇಲ್ಲವೇ ಆಲಿಕಲ್ಲು ಬಿದ್ದು ಗೊಂಚಲು ಒಡೆದಾಗ, ತಮ್ಮನ ಮನೆಯ ಮೇಲೆ ಪ್ರೀತಿ ಉಕ್ಕುತ್ತದೆ. ನಮ್ಮ ಚಿಕ್ಕಬಳ್ಳಾಪುರ ಎದ್ದು ಕಾಫಿ ಕುಡಿಯುವ ಹೊತ್ತಿಗೆ ನಮ್ಮ ಮನೆ ಮುಂದೆ ಟೆಂಪೋ. "ಇಷ್ಟೊಂದು ಯಾಕೆ ಭಾವ?" ಅಂದರೆ, "ಇರ್ಲಿ ಬಿಡಮ್ಮ, ಮಕ್ಕಳು ತಿಂತಾರೆ" ಅನ್ನುತ್ತಾರೆ. ಮಕ್ಕಳು ಬೆಂಗಳೂರಲ್ಲಿದ್ದಾರೆ. ಬೀಜ ಇರುವ ದ್ರಾಕ್ಷಿಯನ್ನು ಮುಟ್ಟುವುದೂ ಇಲ್ಲ.

ಜಿಐ, ಅಂದರೆ ಇಂಥ ಸೀಮೆಯದೇ ಅನ್ನುವ ಸರ್ಕಾರಿ ಮಾನ್ಯತೆ ಸಿಕ್ಕಿರುವ ಹಣ್ಣು, ಅದಕ್ಕೆ ಮರ್ಯಾದೆ ಕೊಡಲೇಬೇಕು. ಒಂದೊಂದೇ ಹಣ್ಣನ್ನು ಹಿಸುಕಿದರೆ ತಿರುಳು ಪಚಕ್ಕನೆ ಜಾರಿ ಬೀಳುತ್ತದೆ, ಕಪ್ಪು ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ತಿರುಳು ಒಂದು ಪಾತ್ರೆಗೆ, ಸಿಪ್ಪೆ ಇನ್ನೊಂದಕ್ಕೆ. ತಿರುಳು ಬೇಯಿಸಿ ಜರಡಿಯಲ್ಲಿ ತಿಕ್ಕಿ ಬೀಜ ತೆಗೆದು, ಆಮೇಲೆ ಸಿಪ್ಪೆ ಸೇರಿಸಬೇಕು. ಬಣ್ಣ ಇರುವುದೇ ಅದರಲ್ಲಿ. ಆ ಬಣ್ಣ ಉಗುರಿನ ಸಂದಿಗೂ ಇಳಿಯುತ್ತದೆ, ಒಲೆ ಹಿಂದಿನ ಟೈಲ್ಸಿಗೂ ಹಾರುತ್ತದೆ.

105 ಡಿಗ್ರಿ ಬರುವ ತನಕ ಕುದಿಸಿ ಅಂತ ಎಲ್ಲರೂ ಬರೆಯುತ್ತಾರೆ. ಅದು ಸಮುದ್ರ ಮಟ್ಟದವರ ಲೆಕ್ಕ. ನಾವಿರುವುದು ಹತ್ತಿರ ಹತ್ತಿರ 900 ಮೀಟರ್ ಎತ್ತರದಲ್ಲಿ. ಇಲ್ಲಿ ನೀರೇ 97ರ ಆಸುಪಾಸಿನಲ್ಲಿ ಕುದಿಯುತ್ತದೆ, ಜಾಮ್ 102ಕ್ಕೆಲ್ಲ ಹದಕ್ಕೆ ಬಂದಿರುತ್ತದೆ. 105 ಬರಲಿ ಅಂತ ಕಾಯುತ್ತಾ ನಿಂತರೆ ಚಮಚ ಪಾತ್ರೆಗೆ ಅಂಟಿಕೊಂಡು ನಿಲ್ಲುತ್ತದೆ. ಫ್ರೀಜರ್‌ನಲ್ಲಿಟ್ಟ ಸ್ಟೀಲ್ ತಟ್ಟೆ ಮೇಲೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಗೆರೆ ಎಳೆಯಿರಿ. ಗೆರೆ ಕೂಡಿಕೊಳ್ಳದಿದ್ದರೆ ಆಯಿತು. ಅಷ್ಟಕ್ಕೆ ಥರ್ಮಾಮೀಟರ್ ಯಾಕೆ?

ಇಷ್ಟೆಲ್ಲ ಆದ ಮೇಲೆ ಯಾರಾದರೂ ನಾಲಿಗೆ ಮೇಲಿಟ್ಟುಕೊಂಡು "ಸಕ್ಕರೆ ಸ್ವಲ್ಪ ಕಮ್ಮಿ ಹಾಕಬಹುದಿತ್ತು" ಅನ್ನುತ್ತಾರೆ. ಹಾಕಬಹುದಿತ್ತು. ನೂರಕ್ಕೆ 65 ಭಾಗ ಸಕ್ಕರೆ ಇದ್ದರೆ ಬೂಷ್ಟಿಗೆ ಬದುಕಲು ನೀರು ಸಿಗುವುದಿಲ್ಲ. ಕಮ್ಮಿ ಹಾಕಿ, ಮುಂದಿನ ತಿಂಗಳು ಬಾಟಲಿ ತೆಗೆದು, ಮೇಲೆ ಬೆಳೆದ ಬಿಳಿ ತುಪ್ಪಳ ನೋಡಿ ಅಂತ ಅವರಿಗೆ ಹೇಳಬೇಕು ಅನ್ನಿಸುತ್ತದೆ. ಹೇಳುವುದಿಲ್ಲ, ಕಾಫಿ ಕೊಡುತ್ತೇನೆ.

ನಿಜವಾದ ಕಷ್ಟ ಇರುವುದು ಬಾಟಲಿಯಲ್ಲಿ. ಹಿಂದೆ ಹಾರ್ಲಿಕ್ಸ್ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು. ಅಗಲ ಬಾಯಿ, ಕೈ ಹಾಕಿ ತೊಳೆಯಬಹುದಿತ್ತು. ಈಗ ಹೆಚ್ಚಾಗಿ ಪ್ಲಾಸ್ಟಿಕ್ ಡಬ್ಬಿ, ಇಲ್ಲವೇ ಪೊಟ್ಟಣ. ಇರುವ ನಾಲ್ಕು ಬಾಟಲಿಗಳಿಗೆ ಮುಚ್ಚಳ ಹುಡುಕುವುದು ಹೆಣ್ಣಿಗೆ ಗಂಡು ಹುಡುಕಿದ ಹಾಗೆ. ನೋಡೋಕೆ ಸರಿ ಇರುತ್ತದೆ, ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಸರಿಯಾಗಿ ಕೂತ ಮುಚ್ಚಳದಲ್ಲಿ ಬೆಳ್ಳುಳ್ಳಿ ಉಪ್ಪಿನಕಾಯಿ ವಾಸನೆ. ಮುಚ್ಚಳದ ಒಳಗೊಂದು ಮೆತ್ತನೆಯ ಬಳೆ ಇರುತ್ತದಲ್ಲ, ವಾಸನೆ ಅದರಲ್ಲೇ ಕೂತಿರುತ್ತದೆ. ಸೋಡಾ ಹಾಕಿ ನೆನೆಸಿದರೂ ಇಲ್ಲ, ತಾರಸಿಯ ಬಿಸಿಲಿಗಿಟ್ಟರೂ ಇಲ್ಲ.

ಹಾಗಾಗಿ ನನ್ನ ಒಳ್ಳೇ ಬಾಟಲಿಗಳ ಮುಚ್ಚಳಕ್ಕೆಲ್ಲ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದೇನೆ. ಎಲ್ಲಿ ಹೋದರೂ ಗುರುತು ಸಿಗಲಿ ಅಂತ. ಸಿಕ್ಕಿತು. ಹಿಂದಿನ ಬೀದಿಯ ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಆ ಮನೆಗೆ ನಾನು ಯಾವತ್ತೂ ಜಾಮ್ ಕೊಟ್ಟವಳಲ್ಲ. ಪ್ರಸಾದ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೇನೆ, ಶೆಲ್ಫ್ ಮೇಲೆ ನನ್ನ ಬಾಟಲಿ! ಒಳಗೆ ಮರಳು ಮರಳಾದ ತುಪ್ಪ, ಮುಚ್ಚಳದ ಮೇಲೆ ಕೆಂಪು ಚುಕ್ಕೆ. ನಾನು ನೋಡುತ್ತಿರುವುದು ಅವರ ಕಣ್ಣಿಗೆ ಬಿತ್ತು. "ತುಪ್ಪ ಮನೇಲೇ ಕಾಯ್ಸಿದ್ದು" ಅಂದರು. "ಬಾಟ್ಲಿ ಚೆನ್ನಾಗಿದೆ" ಅಂದೆ. "ಹೂಂ ಕಣ್ರೀ, ಒಳ್ಳೇ ಗಟ್ಟಿ. ನಮ್ಮ ನಾದಿನಿ ಚಟ್ನಿಪುಡಿ ಹಾಕಿ ಕೊಟ್ಟಿದ್ರು." ಅವರ ನಾದಿನಿ ಯಾರು? ನಮ್ಮ ಎದುರು ಮನೆಯವರ ಓರಗಿತ್ತಿಯ ಪಕ್ಕದ ಮನೆಯವರು. ಎದುರು ಮನೆಗೆ ಹಿಂದೆ ಜಾಮ್ ತುಂಬಿ ಹೋಗಿದ್ದ ಇನ್ನೊಂದು ಬಾಟಲಿ, ಅವರೆಬೇಳೆ ತುಂಬಿಕೊಂಡು ಅಲ್ಲಿಗೆ ಹೋಗಿ, ಹುಚ್ಚೆಳ್ಳು ಚಟ್ನಿಪುಡಿ ತುಂಬಿಕೊಂಡು ಇಲ್ಲಿಗೆ ಬಂದಿದೆ. ಒಬ್ಬರಾದರೂ ಖಾಲಿ ಕೊಟ್ಟಿಲ್ಲ. ಎಲ್ಲರೂ ಸಂಪ್ರದಾಯಸ್ಥರೇ. ಸತ್ಯನಾರಾಯಣನ ಮುಂದೆ ಜಗಳ ಆಡೋಕಾಗುತ್ತಾ? ಸಪಾದ ಭಕ್ಷ್ಯ ಬಾಯಿಗೆ ಹಾಕಿಕೊಂಡು ಮನೆಗೆ ಬಂದೆ. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅಂತ ಮಾಡಿದವರು ಖಂಡಿತ ಸ್ವಂತ ಪಾತ್ರೆ ಕಳೆದುಕೊಂಡವರಲ್ಲ. ಒಂದು ಚಿಟಿಕೆ ಸಕ್ಕರೆ ಹಾಕಿ ಅವತ್ತೇ ಕೊಟ್ಟುಬಿಟ್ಟರೆ ಏನು ಗಂಟು ಹೋಗುತ್ತೆ ಇವರಿಗೆ?

ಆ ದೊಡ್ಡ ಸತ್ಯ ಹೇಳುತ್ತೇನೆ ಅಂದಿದ್ದೆ, ಅಲ್ವಾ? ಬಂದೆ, ಇರಿ. ಮನೆಯಲ್ಲೇ ಉಳಿದ ಬಾಟಲಿಗಳ ಗತಿ ಮೊದಲು ಆಗಲಿ. ನಮ್ಮ ಮನೆಗೆ ಬ್ರೆಡ್ ಬರುವುದು ಯಾರಿಗಾದರೂ ಜ್ವರ ಬಂದಾಗ. ಜ್ವರದವರಿಗೆ ಜಾಮ್ ರುಚಿಸುವುದಿಲ್ಲ. ದೋಸೆ ಜೊತೆ ಇಟ್ಟರೆ ಯಜಮಾನರು ತಟ್ಟೆಯ ಅಂಚಿಗೆ ತಳ್ಳಿ ಚಟ್ನಿ ಕೇಳುತ್ತಾರೆ. ಮಕ್ಕಳಿಗೆ ಚಪಾತಿ ಸುತ್ತಿ ಕೊಡೋಣ ಅಂದರೆ ಅವರು ಬರುವುದೇ ಹಬ್ಬಕ್ಕೆ, ಹಬ್ಬದಲ್ಲಿ ಹೋಳಿಗೆ ಬಿಟ್ಟು ಜಾಮ್ ಯಾರು ಕೇಳುತ್ತಾರೆ? ಫ್ರಿಜ್ ಬಾಗಿಲು ತೆಗೆದಾಗಲೆಲ್ಲ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ.

ಕೊನೆಗೆ ಹಾಗಲಕಾಯಿ ಗೊಜ್ಜಿಗೆ ಬೆಲ್ಲದ ಬದಲು ಎರಡು ಚಮಚ ಹಾಕಿದೆ. ಜಾಮಲ್ಲೇ ಹುಳಿ ಇರುವುದರಿಂದ ಹುಣಸೆಹಣ್ಣು ಕಮ್ಮಿ, ಉಪ್ಪು ಖಾರ ಒಂದು ಕೈ ಜಾಸ್ತಿ. ಯಜಮಾನರು ಎರಡನೇ ಸಲ ಹಾಕಿಸಿಕೊಂಡು, "ಬೆಲ್ಲ ಬದಲಾಯಿಸಿದ್ಯಾ? ಇದೇ ತರಿಸು ಇನ್ಮೇಲೆ" ಅಂದರು. ಹೂಂ ಅಂದೆ. ಆ ದೊಡ್ಡ ಸತ್ಯ ಇಷ್ಟೇ. ನೀವೂ ಮಾಡಿ ನೋಡಿ, ಬಡಿಸುವಾಗ ಮಾತ್ರ ಸುಮ್ನಿರಿ.