ಬಾವುಟದಾಚೆ ಜಾಗ ಖಾಲಿ ಇದೆಯಂತೆ

ಭಾನುವಾರ ಮನೆಮಂದಿಯೆಲ್ಲ ಸರ್ಕ್ಯುಲರ್ ಕೀಯಲ್ಲಿ ಫೆರಿ ಹತ್ತಿ ಮ್ಯಾನ್ಲಿ ಕಡಲತೀರಕ್ಕೆ ಹೋಗಿದ್ದೆವು. ಜನವರಿಯ ಬಿಸಿಲು, ಶಾಲೆಗಳಿಗೆ ರಜೆ. ಸಿಡ್ನಿಯ ಅರ್ಧ ಊರೇ ಅಲ್ಲಿಗೆ ಬಂದಂತಿತ್ತು. ಜನಜಂಗುಳಿಯ ಬಗ್ಗೆ ನನಗೆ ತಕರಾರಿಲ್ಲ. ಅದನ್ನು ತಪ್ಪಿಸಿಕೊಳ್ಳಲು ನಮ್ಮವರು ತೋರುವ ಜಾಣತನದ ಬಗ್ಗೆ ಇದೆ.

ಈಜಲು ಸುರಕ್ಷಿತವಾದ ಜಾಗವೆಂದು ಗುರುತಿಸಿ ನೆಟ್ಟ ಕೆಂಪು-ಹಳದಿ ಬಾವುಟಗಳ ನಡುವೆ ಜನ ಕಿಕ್ಕಿರಿದಿದ್ದರು. ಜೊತೆಗೆ ಬಂದಿದ್ದ ಹಿರಿಯರೊಬ್ಬರು ಬಾವುಟದಾಚೆಯ ಖಾಲಿ ನೀರನ್ನು ತೋರಿಸಿ, "ಅಲ್ಲಿ ಅಲೆಯೇ ಇಲ್ಲ ಮಾರಾಯ್ರೆ, ಮಕ್ಕಳನ್ನು ಅಲ್ಲಿಗೇ ಕರ್ಕೊಂಡು ಹೋಗುವ" ಎಂದರು. ಅಲೆ ಏಕಿಲ್ಲ ಎಂಬ ಪ್ರಶ್ನೆ ಮಾತ್ರ ಅವರಿಗೆ ಹುಟ್ಟಲಿಲ್ಲ. ಮರಳದಿಬ್ಬದ ಮೇಲೆ ನೀರು ಆಳವಿಲ್ಲದಿರುವುದರಿಂದ ಅಲೆ ಅಲ್ಲಿ ಒಡೆಯುತ್ತದೆ. ಹಾಗೆ ದಡಕ್ಕೆ ನುಗ್ಗಿದ ನೀರು ದಿಬ್ಬಗಳ ನಡುವಿನ ಆಳವಾದ ಕಾಲುವೆಯನ್ನು ಹಿಡಿದು ಸಮುದ್ರಕ್ಕೆ ಮರಳುತ್ತದೆ. ನೊರೆಯಿಲ್ಲದೆ, ಕಡುಬಣ್ಣದಲ್ಲಿ, ಪರಮಸಾಧುವಿನಂತೆ ಕಾಣುವ ಆ ಪಟ್ಟಿಯೇ ರಿಪ್. ಅದಕ್ಕೆದುರಾಗಿ ಈಜಹೊರಟರೆ ನುರಿತವರೂ ಸೋತುಹೋಗುತ್ತಾರೆ. ದಿಬ್ಬಗಳು ಸರಿದಂತೆ ಕಾಲುವೆಯೂ ಸರಿಯುವುದರಿಂದಲೇ ಲೈಫ್‌ಗಾರ್ಡ್‌ಗಳು ಬಾವುಟಗಳನ್ನು ಕಿತ್ತು ಬೇರೆಡೆ ನೆಡುವುದು; ತೀರದ ಅಲಂಕಾರಕ್ಕಲ್ಲ.

"ನಾವು ಮಲ್ಪೆಯ ಕಡಲು ನೋಡಿ ಬೆಳೆದವರು" ಎಂಬ ಉತ್ತರ ಸಿದ್ಧವಾಗಿತ್ತು. ಬೆಳೆದಿರಬಹುದು. ಮಳೆಗಾಲದಲ್ಲಿ ಅದೇ ಮಲ್ಪೆಯ ತೀರಕ್ಕೆ ಅಡ್ಡವಾಗಿ ಬಲೆ ಕಟ್ಟಿದಾಗ ತೆಪ್ಪಗೆ ಹಿಂತಿರುಗುವವರು, ವಿಮಾನ ಇಳಿದ ಕೂಡಲೇ ವರುಣದೇವನ ನೆಂಟರಾಗುವುದು ಹೇಗೆಂದು ತಿಳಿಯದು.

ಗುಂಪಿನಲ್ಲಿದ್ದ ಕಾಲೇಜು ಹುಡುಗನೊಬ್ಬ ಇತಿಹಾಸವನ್ನೂ ಎಳೆದು ತಂದ. ಹಗಲಿನಲ್ಲಿ ಸಮುದ್ರಸ್ನಾನ ಕೂಡದೆಂಬ ನಿಯಮವನ್ನು 1902ರಲ್ಲಿ ಇದೇ ಮ್ಯಾನ್ಲಿಯಲ್ಲಿ ಪತ್ರಿಕಾ ಸಂಪಾದಕ ವಿಲಿಯಂ ಗೋಚರ್ ಬಹಿರಂಗವಾಗಿ ಮುರಿದನಲ್ಲವೇ, ನಿಯಮಗಳಿರುವುದೇ ಮುರಿಯಲಿಕ್ಕೆ ಎಂದು ಅವನ ವಾದ. ಮುರಿದದ್ದು ನಿಜ, ಮುರಿದದ್ದು ಒಳ್ಳೆಯದೂ ಆಯಿತು. ಆದರೆ ಆ ನಿಯಮ ಕಾಯುತ್ತಿದ್ದುದು ಊರವರ ಮಾನವನ್ನು, ಈ ಬಾವುಟ ಕಾಯುವುದು ನಿನ್ನ ಉಸಿರನ್ನು, ಮಗನೇ.

ನನಗೆ ಈಜು ಬರುವುದಿಲ್ಲ. ಅದಕ್ಕೇ ನಾನು ಇಷ್ಟು ಹೆದರುವುದೆಂದು ಹೆಂಡತಿ ಎಲ್ಲರ ಮುಂದೆ ಹೇಳಿದಳು. ಹೌದು, ಹೆದರುತ್ತೇನೆ, ಮೊಣಕಾಲುದ್ದದ ನೀರಿನಲ್ಲಿ ಮಕ್ಕಳ ಕೈ ಹಿಡಿದು ನಿಂತಾಗಲೂ, ಹಿಂತಿರುಗುವ ಅಲೆ ಪಾದದಡಿಯ ಮರಳನ್ನು ಎಳೆದೊಯ್ದರೆ ಎದೆ ಝಲ್ಲೆನ್ನುತ್ತದೆ. ನಾಚಿಕೆಯೇನಿಲ್ಲ.

ಕೊನೆಗೂ ಹಿರಿಯರು ಸೊಂಟದುದ್ದದ ನೀರಿಗೆ ಇಳಿದೇಬಿಟ್ಟರು, ಪುಣ್ಯಕ್ಕೆ ಒಬ್ಬರೇ. ಲೈಫ್‌ಗಾರ್ಡ್ ಹುಡುಗನೊಬ್ಬ ಸೀಟಿ ಊದಿ, ಕೈಸನ್ನೆ ಮಾಡಿ, ಅವರನ್ನು ಬಾವುಟಗಳ ನಡುವಿಗೆ ಅಟ್ಟಿದ. ದೊಡ್ಡವರೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ಈ ದೇಶದ ಹುಡುಗರಿಗೆ ಯಾರೂ ಕಲಿಸಿಲ್ಲ ಎಂದು ಅವರು ಸಂಜೆಯವರೆಗೂ ಗೊಣಗುತ್ತಿದ್ದರು.