ಬಂದಾಗ ಹೇಗಿತ್ತೋ ಹಾಗೆ

ರಾಜೀನಾಮೆ ಪತ್ರ ನಾನು ಬರೆದಿದ್ದು ಎರಡೇ ಸಾಲು. ಅದಕ್ಕೆ ಆಫೀಸಿನಿಂದ ಬಂದ ಉತ್ತರದಲ್ಲಿ ನನ್ನ ಬಗ್ಗೆ ಒಂದು ಸಾಲು, ಮಿಕ್ಕಿದ್ದೆಲ್ಲ ಲ್ಯಾಪ್‌ಟಾಪ್ ಬಗ್ಗೆ. ಒಳಗಿರುವುದೆಲ್ಲ ಅಳಿಸಿ, ಬಂದಾಗ ಹೇಗಿತ್ತೋ ಹಾಗೆ ಮಾಡಿ, ಬಂದ ಡಬ್ಬದಲ್ಲೇ ಹಾಕಿ ಕೊರಿಯರ್ ಮಾಡಬೇಕಂತೆ. ಆಫೀಸು ಇರುವುದು ಬೆಂಗಳೂರಲ್ಲಿ, ನಾನಿರುವುದು ತೀರ್ಥಹಳ್ಳಿ ಹತ್ತಿರ, ತಿಂಗಳು ಜುಲೈ. ಜುಲೈನಲ್ಲಿ ನಮ್ಮ ಕಡೆ ಕರೆಂಟು ಮುಖ ತೋರಿಸಿ ಹೋಗುತ್ತದೆ ಅಷ್ಟೇ, ಕೂತು ಮಾತಾಡುವ ಪೈಕಿ ಅಲ್ಲ.

ಅಳಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ವಿಂಡೋಸಿನ ಸೆಟ್ಟಿಂಗ್ಸ್‌ಗೆ ಹೋಗಿ, ರಿಕವರಿ ಹುಡುಕಿ, ರೀಸೆಟ್ ಒತ್ತಿದರಾಯಿತು. ಆದರೆ ಅದು ಕೇಳುವ ಪ್ರಶ್ನೆಗಳಿವೆಯಲ್ಲ, ಹೆಣ್ಣು ನೋಡಲು ಬಂದವರೂ ಅಷ್ಟು ಕೇಳುವುದಿಲ್ಲ. ನಿಮ್ಮ ಫೈಲು ಇಟ್ಟುಕೊಳ್ಳಲಾ, ಎಲ್ಲಾ ತೆಗೆದುಬಿಡಲಾ? ತೆಗಿ ಮಾರಾಯ. ವಿಂಡೋಸನ್ನು ಕ್ಲೌಡಿನಿಂದ ಇಳಿಸಿಕೊಳ್ಳಲಾ, ಇಲ್ಲಿರುವುದನ್ನೇ ಹಾಕಲಾ? ಕ್ಲೌಡಾದರೆ 4 ಜಿಬಿಗಿಂತ ಜಾಸ್ತಿ ಡೇಟಾ ಬೇಕಾಗಬಹುದು ಅಂತ ಅಲ್ಲೇ ಬರೆದಿತ್ತು. ನನ್ನ ಮೊಬೈಲಿಗೆ ದಿನಕ್ಕೆ ಸಿಗುವುದೇ 1.5 ಜಿಬಿ, ಅದರಲ್ಲೂ ಅರ್ಧ ಅಮ್ಮನ ಧಾರಾವಾಹಿಗೆ ಹೋಗುತ್ತದೆ. ಇಲ್ಲಿರುವುದನ್ನೇ ಹಾಕು ಅಂದೆ.

ಶೇಕಡಾ 34ಕ್ಕೆ ಬಂದಾಗ ಕರೆಂಟು ಹೋಯಿತು. ಬ್ಯಾಟರಿ ಇದ್ದದ್ದು ಹೆಸರಿಗೆ ಮಾತ್ರ, ಅದೂ ಜೊತೆಗೇ ಹೋಯಿತು.

ಕರೆಂಟು ಬಂದ ಮೇಲೆ ಆನ್ ಮಾಡಿದರೆ ನೀಲಿ ಪರದೆ. ಬಿಟ್‌ಲಾಕರ್ ಕೀ ಕೊಡಿ ಅಂತ. ಡಿಸ್ಕಿಗೆ ಹಾಕಿರುವ ಬೀಗ ಅದು, ಕಂಪ್ಯೂಟರಿಗೆ ಏನಾದರೂ ಅನುಮಾನ ಬಂದರೆ ಕೇಳುತ್ತದೆ. ಕೀ ಅಂದರೆ 48 ಅಂಕಿ. ಅಳಿಸಲು ಹೊರಟವನನ್ನೇ ಕಳ್ಳ ಅಂತ ನಿಲ್ಲಿಸಿದರೆ ಏನು ಹೇಳುವುದು! ಆಫೀಸಿನ ಐಟಿ ಹುಡುಗನಿಗೆ ಫೋನ್ ಮಾಡಿದೆ. "ಕಳಿಸ್ತೀನಿ ಸರ್" ಅಂದ. ಸಂಜೆಯ ಹೊತ್ತಿಗೆ ಕಳಿಸಿದ.

ಅಪ್ಪ ರಿಟೈರ್ಡ್ ಗಣಿತ ಮೇಷ್ಟ್ರು. ನಾನು ಓದುತ್ತೇನೆ, ನೀನು ಒತ್ತು ಅಂತ ಕನ್ನಡಕ ಹಾಕಿಕೊಂಡು ಮೊಬೈಲ್ ಹಿಡಿದು ಕೂತರು. ಆರಾರು ಅಂಕಿಯ ಎಂಟು ಗುಂಪು. "ನಾಲ್ಕು, ಏಳು, ಒಂದು, ಎರಡು, ನಾಲ್ಕು, ಸೊನ್ನೆ." ಒತ್ತಿದೆ. ಎರಡನೇ ಗುಂಪು ಓದುತ್ತಾ ಓದುತ್ತಾ ಗಪ್ಪನೆ ನಿಂತರು. ಕರೆಂಟು ಯಾವಾಗ ಹೋಗುತ್ತದೋ ಅಂತ ನನಗೆ ಜೀವ ಹೋಗುತ್ತಿದೆ, ಇವರು ಬೆರಳು ಮಡಿಸಿ ಏನೋ ಲೆಕ್ಕ ಹಾಕುತ್ತಿದ್ದಾರೆ.

"ಏ, ಇದು ಹನ್ನೊಂದರಿಂದ ಭಾಗ ಹೋಗ್ತದೆ ಕಣೋ. ಹಿಂದಿನದೂ ಹೋಗ್ತದೆ!"

"ಅಪ್ಪಾ, ಮುಂದಿನದು ಹೇಳಿ."

"ತಡಿಯೋ, ಮೊದಲನೇ ಗುಂಪಲ್ಲಿ ಒಂದು ಬಿಟ್ಟು ಒಂದು ಅಂಕಿ ಕೂಡಿಸು. ನಾಲ್ಕು, ಒಂದು, ನಾಲ್ಕು ಒಂಬತ್ತು. ಏಳು, ಎರಡು, ಸೊನ್ನೆಯೂ ಒಂಬತ್ತು. ಸರಿ ಹೋಯ್ತಲ್ಲ?"

ಎಂಟೂ ಗುಂಪು ಹಾಗೇ ಇತ್ತು. ಆಮೇಲೆ ಹುಡುಕಿ ನೋಡಿದರೆ ಅದು ಬೇಕೆಂದೇ ಮಾಡಿದ ವ್ಯವಸ್ಥೆ: ಒಂದು ಅಂಕಿ ತಪ್ಪಾಗಿ ಒತ್ತಿದರೂ ಭಾಗ ಹೋಗುವುದಿಲ್ಲ, ಯಾವ ಗುಂಪಿನಲ್ಲಿ ತಪ್ಪಿದೆ ಅಂತ ಕಂಪ್ಯೂಟರಿಗೆ ತಿಳಿಯುತ್ತದೆ. ಅಷ್ಟು ವರ್ಷ ಅದೇ ಲ್ಯಾಪ್‌ಟಾಪಲ್ಲಿ ಕೆಲಸ ಮಾಡಿದ ನನಗೆ ಗೊತ್ತಿರಲಿಲ್ಲ. ಈಗ ಮನೆಗೆ ಬಂದವರಿಗೆಲ್ಲ ಅಪ್ಪ ಕಾಫಿಗಿಂತ ಮುಂಚೆ ಇದನ್ನು ಕೊಡುತ್ತಾರೆ.

ರಾತ್ರಿ ರೀಸೆಟ್ ಮುಗಿಯಿತು. ಮೇಲಿದ್ದ ಮಗಳ ಸ್ಟಿಕರ್‌ಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಕಿತ್ತೆ. ಬಗ್ಗಿಸಿ ತಟ್ಟಿದರೆ ಕೀಬೋರ್ಡಿನ ಸಂದಿಯಿಂದ ಒಗ್ಗರಣೆಯ ಸಾಸಿವೆ ಉದುರಿತು.

ಉಳಿದದ್ದು ಡಬ್ಬ. ಅದು ಅಟ್ಟದ ಮೇಲಿತ್ತು, ತುಂಬ ಹಲಸಿನ ಹಪ್ಪಳ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗದ ಡಬ್ಬ ಅದೊಂದೇ ಅಂತ ಅಮ್ಮನ ವಾದ. "ಅವರಿಗೆ ಬೇರೆ ಡಬ್ಬ ಸಿಗಲ್ವಾ? ಬೆಂಗಳೂರಲ್ಲಿ ಡಬ್ಬಕ್ಕೆ ಬರವಾ?" ಬಹಳ ಹೊತ್ತಿನ ಮಾತುಕತೆಯ ಮೇಲೆ, ಗೊಣಗುತ್ತಲೇ, ತಾನೇ ಖಾಲಿ ಮಾಡಿ ತಂದು ಕೊಟ್ಟಳು. ಲ್ಯಾಪ್‌ಟಾಪು, ಚಾರ್ಜರು ಹಾಕಿ ಟೇಪ್ ಸುತ್ತಿ ಕಳಿಸಿದೆ.

ಮುಂದಿನ ವಾರ ಐಟಿ ಹುಡುಗನ ಫೋನ್. "ಸರ್, ಲ್ಯಾಪ್‌ಟಾಪ್ ಬಂತು, ಎಲ್ಲಾ ಓಕೆ. ಆದ್ರೆ ಥರ್ಮಾಕೋಲ್ ಕೆಳಗೆ ಒಂದು ಕಟ್ಟು ಹಪ್ಪಳ ಇತ್ತು. ಲಿಸ್ಟಲ್ಲಿ ಇಲ್ಲ."

"ವಾಪಸ್ ಕಳಿಸ್ತೀರಾ?"

"ಇಲ್ಲ ಸರ್, ಕರಿಯೋಕೆ ಎಷ್ಟು ಹೊತ್ತು ಎಣ್ಣೆ ಕಾಯಿಸ್ಬೇಕು ಅಂತ ಕೇಳೋಣ ಅಂತ ಮಾಡಿದೆ."