ಬೆಕ್ಕಿಗ್ಯಾಕೆ ಬೂಟು?

ರಾತ್ರಿ ಮೊಮ್ಮಗಳಿಗೆ ಕಥೆ ಹೇಳುವ ಡ್ಯೂಟಿ ನನ್ನದು. ಮೊನ್ನೆ ಬೂಟು ಹಾಕಿದ ಬೆಕ್ಕಿನ ಕಥೆ ಶುರು ಮಾಡಿದೆ. ಹಿಟ್ಟಿನ ಗಿರಣಿಯವನು ಸತ್ತ. ದೊಡ್ಡ ಮಗನಿಗೆ ಗಿರಣಿ, ನಡುವಿನವನಿಗೆ ಕತ್ತೆ, ಕಿರಿಯವನ ಪಾಲಿಗೆ ಬೆಕ್ಕು. ಇದನ್ನು ತಿಂದು ಮುಗಿಸಿದರೆ ಮುಂದೆ ಉಪವಾಸವೇ ಗತಿ ಅಂತ ಅವನು ಕೊರಗುತ್ತಾನೆ. ಈ ತಿನ್ನುವ ಮಾತನ್ನು ಮಾತ್ರ ನುಂಗಿಕೊಂಡೆ. ನಮ್ಮ ಬೆಕ್ಕು ಚುಕ್ಕಿ ಅಲ್ಲೇ ಮಗುವಿನ ಕಾಲ ಬಳಿ ಮಲಗಿದ್ದಳು.

ಆಗ ಬೆಕ್ಕು, ನನಗೊಂದು ಚೀಲ, ಒಂದು ಜೊತೆ ಬೂಟು ಕೊಡಿಸು, ಆಮೇಲೆ ನೋಡು ಅನ್ನುತ್ತೆ.

“ಚೀಲ ಸರಿ ತಾತ, ಬೂಟು ಯಾಕೆ?”

“ಮುಳ್ಳಿನ ಪೊದೆಯಲ್ಲಿ ಓಡಾಡೋಕೆ.”

“ಚುಕ್ಕಿ ಬರಿಗಾಲಲ್ಲೇ ಹೋಗ್ತಾಳಲ್ಲ!”

ನಿಜವೇ. ಚೀಲದಿಂದ ಉಪಯೋಗವಿದೆ. ಅದರಲ್ಲಿ ಮೊಲ ಹಿಡಿದು, ನಮ್ಮ ಧಣಿ ಕಳಿಸಿದ್ದು ಅಂತ ರಾಜನಿಗೆ ಒಪ್ಪಿಸುತ್ತೆ. ಬೂಟಿನಿಂದ ಆಗಿದ್ದು ಬರೀ ಫಜೀತಿ. ಕಥೆಯಲ್ಲಿ ಬೇಕಾದ ರೂಪ ತಾಳುವ ರಾಕ್ಷಸನೊಬ್ಬ ಬರುತ್ತಾನೆ. ಅವನು ಸಿಂಹವಾದಾಗ ಬೆಕ್ಕು ಹೆದರಿ ಸೂರು ಹತ್ತುತ್ತೆ. ಹೆಂಚಿನ ಮೇಲೆ ಬೂಟುಗಾಲು ನಿಲ್ಲಬೇಕಲ್ಲ! ಬೀಳುವುದೊಂದು ಬಾಕಿ. ಈ ಮಾತು ನಂದಲ್ಲ, ಮೂಲ ಕಥೆಯಲ್ಲೇ ಇದೆ. ಆಮೇಲೆ ರಾಕ್ಷಸ ಇಲಿಯಾಗುತ್ತಾನೆ, ಬೆಕ್ಕು ತಿಂದುಬಿಡುತ್ತೆ. ಅದಕ್ಕೂ ಬೂಟು ಬೇಕಿರಲಿಲ್ಲ.

ಈ ಕಥೆಯನ್ನು 1697ರಲ್ಲಿ ಅಚ್ಚು ಮಾಡಿಸಿದವನು ಫ್ರಾನ್ಸಿನ ಶಾರ್ಲ್ ಪೆರೋ. ಹದಿನಾಲ್ಕನೇ ಲೂಯಿ ರಾಜನ ಕಾಲದಲ್ಲಿ ಸರ್ಕಾರಿ ಕಟ್ಟಡಗಳ ಉಸ್ತುವಾರಿಯಲ್ಲಿದ್ದವನು. ಅರಮನೆ ಬಾಗಿಲಲ್ಲಿ ಯಾರನ್ನು ಒಳಗೆ ಬಿಡುತ್ತಾರೆ, ಯಾರನ್ನು ಓಡಿಸುತ್ತಾರೆ ಅನ್ನೋದನ್ನು ಎಷ್ಟು ಸಲ ನೋಡಿರಬೇಕು ಆತ! ಕಾಲಿಗೆ ಬೂಟಿದ್ದರೆ ಬೆಕ್ಕಾದರೂ ಸಾಹೇಬರೇ. ನನಗಂತೂ ಹಾಗನ್ನಿಸುತ್ತೆ.

ನಮ್ಮ ಕಡೆಯ ಬೆಕ್ಕಿಗೆ ಈ ಉಪಾಯ ನಡೆಯುತ್ತಿರಲಿಲ್ಲ. ಇಲ್ಲಿ ಬೂಟು ಹಾಕಿಕೊಂಡು ಒಳಗೆ ಬಂದರೆ ಅಜ್ಜಿಯರು ಪೊರಕೆ ಹಿಡಿಯುತ್ತಾರೆ. ಅದಕ್ಕೇ ನಮ್ಮದು ಸನ್ಯಾಸಿ ಆಯಿತು. ಮಹಾಬಲಿಪುರದ ದೊಡ್ಡ ಬಂಡೆಯ ಮೇಲೆ ಪಲ್ಲವರ ಕಾಲದ ಶಿಲ್ಪಿ ಅದನ್ನು ಕೆತ್ತಿದ್ದಾನೆ. ಹಿಂಗಾಲ ಮೇಲೆ ನಿಂತು, ಮುಂಗಾಲೆತ್ತಿ ಘೋರ ತಪಸ್ಸು. ಸುತ್ತ ಇಲಿಗಳು ಭಕ್ತಿಯಿಂದ ನಿಂತಿವೆ. ಮಹಾಭಾರತದಲ್ಲೂ ಈ ಬೆಕ್ಕಿದೆ, ತಪಸ್ವಿ ಅಂತ ನಂಬಿ ಬಂದ ಇಲಿಗಳನ್ನೇ ತಿನ್ನುತ್ತೆ. ಯುದ್ಧಕ್ಕೆ ಮುಂಚೆ ದುರ್ಯೋಧನ ಇದರ ಕಥೆ ಹೇಳಿಕಳಿಸಿ ಧರ್ಮರಾಯನನ್ನು ಹಂಗಿಸುತ್ತಾನೆ. ಅಲ್ಲಿ ಬೂಟು, ಇಲ್ಲಿ ತಪಸ್ಸು. ಹೊಟ್ಟೆಪಾಡು ಒಂದೇ, ಅಲ್ವಾ?

ಆದರೆ ನನಗೆ ಜಾಸ್ತಿ ಇಷ್ಟವಾದ ಬೆಕ್ಕು ಇವೆರಡೂ ಅಲ್ಲ. ಪೆರೋಗಿಂತ ಅರವತ್ತು ವರ್ಷ ಮೊದಲೇ ಇಟಲಿಯ ನೇಪಲ್ಸ್ ಕಡೆಯ ಬಸೀಲೆ ಇದೇ ಕಥೆ ಹೇಳಿದ್ದ. ಅಲ್ಲಿರುವುದು ಹೆಣ್ಣು ಬೆಕ್ಕು. ಬಡ ಹುಡುಗನನ್ನು ಸಾಹುಕಾರನನ್ನಾಗಿ ಮಾಡುವುದೂ ಅವಳೇ. ನೀನು ಸತ್ತರೆ ಚಿನ್ನದ ಪೆಟ್ಟಿಗೆಯಲ್ಲಿಟ್ಟು ಕಣ್ಣೆದುರೇ ಕಾಪಾಡ್ತೀನಿ ಅಂತ ಅವನು ಮಾತು ಕೊಡುತ್ತಾನೆ. ಬೆಕ್ಕಲ್ಲವಾ, ಸುಮ್ನೆ ನಂಬುತ್ತಾ? ಮೂರು ದಿನ ಬಿಟ್ಟು ಸತ್ತಂತೆ ಬಿದ್ದುಕೊಳ್ಳುತ್ತೆ. ಹೆಂಡತಿ ಬಂದು ಹೇಳಿದರೆ ಇವನು, ಕಾಲು ಹಿಡಿದು ಕಿಟಕಿಯಿಂದಾಚೆ ಎಸಿ ಅನ್ನುತ್ತಾನೆ.

ಬೆಕ್ಕು ಧಡಕ್ಕನೆ ಎದ್ದಿತು. ಮನಸಾರೆ ಬೈದಿತು. ಅವನು ಎಷ್ಟು ಬೇಡಿಕೊಂಡರೂ ಕೇಳದೆ ಓಡಿಹೋಯಿತು.

ಇದನ್ನೂ ಮೊಮ್ಮಗಳಿಗೆ ಹೇಳಿದೆ. ಚುಕ್ಕಿಯ ಬೆನ್ನು ಸವರುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಆ ಬೆಕ್ಕಿಗೆ ಬೂಟು ಇತ್ತಾ ತಾತ?”

“ಇರಲಿಲ್ಲ ಪುಟ್ಟಿ.”

“ಸದ್ಯ! ಇದ್ದಿದ್ರೆ ಅಷ್ಟು ಜೋರಾಗಿ ಓಡೋಕೆ ಆಗ್ತಿರ್ಲಿಲ್ಲ.”